ಟ ಓಣಿಯ ವ್ಯಾಕ್ಯೂಮ್ ಕ್ಲೀನರ್

ನೀಲಾಂಬಿಕೆ ಆ ವ್ಯಾಕ್ಯೂಮ್ ಕ್ಲೀನರನ್ನು ರಿಪೇರಿಗೆ ಹೊತ್ತು ತಂದದ್ದು ಒಂದೇ ವಾರದಲ್ಲಿ ಅದು ನಾಲ್ಕನೆಯ ಸಲ.

“ಹುಲಿಗೆಮ್ಮಕ್ಕ, ಇದನ್ನ ನೀವ ಇಟ್ಕೊಂಡ್‌ಬಿಡ್ರಿ,” ಎಂದು ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದಳು. “ನಿಮ್ಮ ಅಂಗಡ್ಯಾಗ ಗುರ್ ಅಂತ ಚಲೋ ಎಳೀತೈತಿ. ನಮ್ಮ ಮನಿಗಿ ಬಂದ ಕೂಡ್ಲೆ ಜೀವಾನ ಇರಂಗಿಲ್ಲ. ಇಲ್ಲೇ ಇರಲಿ, ಅದಕೂ ಸುಖ, ನನಗೂ ಸುಖ.”

ಹುಲಿಗೆಮ್ಮನಿಗೆ ನಗು ಬರಲಿಲ್ಲ. ಹೊಸಗಣಿಗೆ ಬಂದು ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಇದೊಂದನ್ನು ಬಿಟ್ಟರೆ, ಈ ಆರು ವರ್ಷದಲ್ಲಿ ಅವಳ ಕೈಯಿಂದ ಸರಿಯಾಗಿ ಹೋದ ಯಂತ್ರ ಅದೇ ದೂರಿಗೆ ಎರಡನೆಯ ಸಲ ವಾಪಸು ಬಂದದ್ದೇ ಇಲ್ಲ.

ಹೊಸಗಣಿ ಇರುವುದು ಚಂದ್ರನ ದಕ್ಷಿಣ ಧ್ರುವದ ಹತ್ತಿರ, ತಳಕ್ಕೆ ಬಿಸಿಲು ಎಂದೂ ಇಳಿಯದ ಒಂದು ದೊಡ್ಡ ಕುಳಿಯ ಅಂಚಿನಲ್ಲಿ. ಕುಳಿಯ ತಳದ ಮಣ್ಣಿನಲ್ಲಿ ನೀರು ಹೆಪ್ಪುಗಟ್ಟಿ ಕೂತಿದೆ. ಅದನ್ನು ಅಗೆದು ತೆಗೆಯಲು ಕಂಪನಿ ಮೊದಲು ಕರೆತಂದದ್ದು ಹಟ್ಟಿಯ ಕಡೆಯ, ಚಿನ್ನದ ಗಣಿಯಲ್ಲಿ ಪಳಗಿದ ಕುಟುಂಬಗಳನ್ನು. ಊರಿಗೆ ಹೆಸರಿಟ್ಟವರೂ ಅವರೇ. ನೆಲದಡಿ ಹೂತಿಟ್ಟ ಐದು ಉದ್ದನೆಯ ಕೊಳವೆಗಳೇ ಐದು ಓಣಿಗಳು: ಕ, ಚ, ಟ, ತ, ಪ. ಒಂದೊಂದು ಓಣಿಗೆ ಇಪ್ಪತ್ತು ಮನೆ. ಐದೂ ಬಂದು ಸೇರುವಲ್ಲಿ ಚೌಕ. ಶಾಲೆ, ದವಾಖಾನೆ, ಅಂಗಡಿಗಳು, ಇಡೀ ಊರಿನ ಗಾಳಿ-ನೀರು-ಕರೆಂಟು ನೋಡಿಕೊಳ್ಳುವ ಕಂಟ್ರೋಲ್ ರೂಮು ಎಲ್ಲ ಅಲ್ಲೇ. ಓಣಿಗೂ ಚೌಕಕ್ಕೂ ನಡುವೆ ಜೋಡಿಬಾಗಿಲು. ಒಂದು ಪೂರ್ತಿ ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ಒಂದು ಓಣಿಯಲ್ಲಿ ಗಾಳಿ ಸೋರಿದರೆ ಉಳಿದ ನಾಲ್ಕು ಓಣಿಯವರು ಬದುಕಲಿ ಎಂದು ಆ ಏರ್ಪಾಡು.

ಅಂಥ ಊರಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಶೋಕಿಯ ವಸ್ತುವಲ್ಲ. ಚಂದ್ರನ ಧೂಳು ನಮ್ಮ ಹೊಲದ ಧೂಳಿನಂತೆ ಗಾಳಿಗೆ ನೀರಿಗೆ ಸವೆದು ನುಣುಪಾದದ್ದಲ್ಲ. ಒಡೆದ ಗಾಜಿನ ಪುಡಿಯಂತೆ ಕಣಕಣವೂ ಚೂಪು. ಕುಳಿಯಲ್ಲಿ ಕೆಲಸ ಮಾಡಿ ಬಂದವರು ಎಷ್ಟು ಝಾಡಿಸಿದರೂ ಮೈಗೆ, ಕೂದಲಿಗೆ ಅಂಟಿ ಒಳಗೆ ಬರುತ್ತದೆ. ಪಟಾಕಿ ಸುಟ್ಟ ವಾಸನೆ ಸೂಸುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಮನೆ ಮಾಡುತ್ತದೆ. ಹಾಗಾಗಿ ದಿನಕ್ಕೆರಡು ಸಲ ಪ್ರತಿ ಮನೆಯಲ್ಲೂ ಕ್ಲೀನರ್ ಓಡಲೇಬೇಕೆಂಬ ನಿಯಮ. ನೀಲಾಂಬಿಕೆ ಶಾಲೆಯ ಟೀಚರು. ಗಂಡ ಕುಳಿಯಲ್ಲಿ ಡ್ರಿಲ್ ಹಿಡಿಯುತ್ತಾನೆ. ಮನೆಯಲ್ಲಿ ಎಂಟು ತಿಂಗಳ ಮಗಳಿದ್ದಾಳೆ. ನೆಲದ ಮೇಲೆ ಅಂಬೆಗಾಲಿಡುವ ಮಗು. ಅವಳ ಸಿಟ್ಟಿಗೆ ಕಾರಣವಿತ್ತು.

ಹುಲಿಗೆಮ್ಮ ಮೊದಲನೆಯ ಸಲ ಡಬ್ಬಿ ಖಾಲಿ ಮಾಡಿ ಫಿಲ್ಟರ್ ಬದಲಿಸಿದ್ದಳು. ಎರಡನೆಯ ಸಲ ಪೈಪಿನಲ್ಲಿ ಸೀಳಿರಬಹುದೆಂದು ಪೈಪನ್ನೇ ಹೊಸದು ಹಾಕಿದ್ದಳು. ಮೂರನೆಯ ಸಲ ಮೋಟಾರು ಬಿಚ್ಚಿ, ಸವೆದ ಕಾರ್ಬನ್ ತುಂಡುಗಳನ್ನು ತೆಗೆದು ಹೊಸವನ್ನು ಕೂರಿಸಿದ್ದಳು. ಮೂರು ಸಲವೂ ಅಂಗಡಿಯ ಮೇಜಿನ ಮೇಲೆ ಯಂತ್ರ ಅಚ್ಚುಕಟ್ಟಾಗಿ ನಡೆದಿತ್ತು. ಈಗಲೂ ಅಷ್ಟೇ. ಪೈಪಿನ ಬಾಯಿಗೆ ರಬ್ಬರಿನ ಬಿಲ್ಲೆ ಅಂಟಿಸಿ, ಅದಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದಳು. ಮುಳ್ಳು ಎಂಟಕ್ಕೆ ಬಂದಾಗ ಬಿಲ್ಲೆ ಕಿತ್ತು ಬಂತು. ಹೊಸ ಯಂತ್ರದ ಎಳೆತವೂ ಎಂಟೇ.

“ಟೀಚರ್, ಮನ್ಯಾಗ ನಡೆಸಿದಾಗ ದನಿ ಹೆಂಗ ಬರತೈತಿ?”

“ಕೀರಲು. ಕಿವ್ಯಾಗ ಸೊಳ್ಳಿ ಹೊಕ್ಕಂಗ.”

ಹುಲಿಗೆಮ್ಮ ತಲೆ ಎತ್ತಿದಳು. ಕ್ಲೀನರ್ ತನ್ನಷ್ಟಕ್ಕೆ ಧೂಳನ್ನು ಎಳೆಯುವುದಿಲ್ಲ. ಒಳಗಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ದೂಡಿ ಜಾಗ ಖಾಲಿ ಮಾಡುತ್ತದೆ. ಆ ಖಾಲಿ ಜಾಗ ತುಂಬಲು ಕೋಣೆಯ ಗಾಳಿ ಮುಂದಿನಿಂದ ನುಗ್ಗುತ್ತದೆ, ನುಗ್ಗುವಾಗ ಧೂಳನ್ನೂ ಹೊತ್ತು ತರುತ್ತದೆ. ಹಾದಿ ಎಲ್ಲಾದರೂ ಕಟ್ಟಿದ್ದರೆ ಫ್ಯಾನಿಗೆ ದೂಡಲು ಗಾಳಿ ಸಿಗದೆ, ಭಾರ ಕಡಿಮೆಯಾಗಿ ಮೋಟಾರು ಹುಚ್ಚುಹಿಡಿದಂತೆ ತಿರುಗುತ್ತದೆ. ದನಿ ಏರುತ್ತದೆ. ಕೀರಲು ದನಿ ಎಂದರೆ ಹಾದಿ ಕಟ್ಟಿದೆ ಎಂದೇ ಅರ್ಥ. ಆದರೆ ಇದರಲ್ಲಿ ಕಟ್ಟಲು ಏನೂ ಉಳಿದಿರಲಿಲ್ಲ.

“ನಡ್ರಿ, ನಾನ ಬರ್ತೀನಿ ನಿಮ್ಮ ಮನಿಗಿ,” ಎಂದು ಹುಲಿಗೆಮ್ಮ ಸಾಮಾನಿನ ಚೀಲ ಹೆಗಲಿಗೇರಿಸಿದಳು. ಎದ್ದವಳು ಒಂದು ಕ್ಷಣ ನಿಂತು, ಕಪಾಟಿನಿಂದ ಸೀಲು ಒಡೆಯದ ಹೊಸ ಕ್ಲೀನರಿನ ಡಬ್ಬಿಯನ್ನೂ ಎತ್ತಿಕೊಂಡಳು.

ಜೋಡಿಬಾಗಿಲಿನ ನಡುವೆ ನಿಂತಾಗ ಅವಳ ಕಿವಿ ಕಟ್ಟಿ, ಆಮೇಲೆ ಟಪ್ಪನೆ ಬಿಟ್ಟಿತು. ಎರಡು ದಿನದಿಂದ ನೆಗಡಿ ಇತ್ತು, ಅದಕ್ಕೇ ಇರಬೇಕೆಂದುಕೊಂಡಳು.

ಮನೆಯಲ್ಲಿ ನೀಲಾಂಬಿಕೆಯ ಅತ್ತೆ ಮಹಾಂತಮ್ಮ ಒಲೆಯ ಮುಂದೆ ಕೂತು ಸೌಟಿನಲ್ಲಿ ಬೇಳೆ ಹಿಚುಕಿ ನೋಡುತ್ತಿದ್ದಳು.

“ಬಾ ಯವ್ವಾ. ಚಾ ಕುಡೀತಿಯೇನು? ಊಟಕ್ಕಂತೂ ಕರಿಯಂಗಿಲ್ಲ ನಾ. ಎರಡು ತಾಸಾತು ಈ ಬ್ಯಾಳಿ ಕುದಿಯಾಕತ್ತು, ಬೇಯವಲ್ದು. ಕುಕ್ಕರಿನ ವಾಷರ್ ಹರದೈತಿ ಅಂತ ಗುಂಡ್ಯಾಗ ಇಟ್ಟೀನಿ. ಈ ಸಲ ಕಂಪನಿಯವ್ರು ಎಂಥಾ ಬ್ಯಾಳಿ ಕಳಿಸ್ಯಾರೋ.”

ಹುಲಿಗೆಮ್ಮ ಕ್ಲೀನರಿಗೆ ಪ್ಲಗ್ ಹಾಕಿ ಒತ್ತಿದಳು. ಕುಯ್ ಎಂದು ಕೀರಲಿಟ್ಟಿತು. ತಕ್ಕಡಿ ಕಟ್ಟಿ ಎಳೆದಳು. ಮುಳ್ಳು ಆರಕ್ಕೆ ಬರುತ್ತಲೇ ಬಿಲ್ಲೆ ಬಿಟ್ಟುಹೋಯಿತು. ಹತ್ತು ನಿಮಿಷದ ಹಿಂದೆ ಅದೇ ಯಂತ್ರ, ಅದೇ ಬಿಲ್ಲೆ, ಅದೇ ತಕ್ಕಡಿ ಎಂಟು ತೋರಿಸಿತ್ತು. ಬೇರೆ ಪ್ಲಗ್ಗಿಗೆ ಹಾಕಿದಳು. ಆರೇ. ಮೀಟರಿಟ್ಟು ಕರೆಂಟು ನೋಡಿದಳು, ಸರಿಯಾಗಿತ್ತು. ಫಿಲ್ಟರನ್ನು ಪೂರ್ತಿ ತೆಗೆದಿಟ್ಟು ನಡೆಸಿದಳು. ಕೀರಲು ದನಿ ಒಂದಿಷ್ಟೂ ಇಳಿಯಲಿಲ್ಲ.

ಈಗ ಅವಳ ಎದೆ ಬೇರೆ ರೀತಿ ಹೊಡೆದುಕೊಳ್ಳತೊಡಗಿತು. ರಿಪೇರಿ ಮಾಡುವವರಿಗೆ ಗೊತ್ತಿರುವ ಸುಖ ಅದು. ಗಂಟು ಬಿಡಿಸಲು ಆಗುತ್ತಿಲ್ಲ, ಆದರೆ ಎಳೆಯ ತುದಿ ಬೆರಳಿಗೆ ತಾಗಿದೆ. ಹೊಸ ಡಬ್ಬಿಯ ಸೀಲು ಹರಿದಳು, ಯಾರೂ ಮುಟ್ಟದ ಯಂತ್ರವನ್ನು ಹೊರತೆಗೆದು ಪ್ಲಗ್ ಹಾಕಿದಳು.

ಕುಯ್ ಎಂದಿತು. ತಕ್ಕಡಿ ಆರು.

“ಇದೂ ಕೆಟ್ಟೈತೇನು?” ಎಂದು ನೀಲಾಂಬಿಕೆ ಕೇಳಿದಳು.

“ಇದು ಕೆಟ್ಟಿಲ್ಲ. ಅದೂ ಕೆಟ್ಟಿಲ್ಲ,” ಎಂದು ಹುಲಿಗೆಮ್ಮ ನಿಧಾನವಾಗಿ ಹೇಳಿದಳು. “ನಾಲ್ಕು ಸಲಾನೂ ಕೆಟ್ಟಿರ್ಲಿಲ್ಲ. ಬಾಜು ಮನಿಯವ್ರ ಕ್ಲೀನರ್ ಇಸ್ಕೊಂಡು ಬರ್ತೀರೇನು?”

ಪಕ್ಕದ ಮನೆಯ ಯಂತ್ರವೂ ಆರೇ ತೋರಿಸಿತು. ಅವರೂ ಎಳೆತ ಕಡಿಮೆಯಾಗಿದೆ ಎಂದು ವಾರದಿಂದ ಗೊಣಗುತ್ತಿದ್ದರಂತೆ.

ಹುಲಿಗೆಮ್ಮ ನೆಲದ ಮೇಲೆ ಕೂತುಬಿಟ್ಟಳು. ಹಾದಿ ಕಟ್ಟದೆಯೂ ಫ್ಯಾನಿಗೆ ಗಾಳಿ ಸಾಲದೆ ಹೋಗಬೇಕಾದರೆ ಒಂದೇ ದಾರಿ. ಗಾಳಿಯೇ ತೆಳುವಾಗಿರಬೇಕು.

“ಟೀಚರ್, ನಿಮಗೆ ತಲಿನೋವು ಐತೇನು?”

“ಐತಲ್ಲ. ಒಂದು ವಾರಾತು. ಸಾಲ್ಯಾಗ ಇದ್ದಾಗ ಏನೂ ಇರಂಗಿಲ್ಲ, ಮನಿಗಿ ಬಂದೆ ಅಂದ್ರ ಶುರು.” ನೀಲಾಂಬಿಕೆ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದಳು. “ಮನಿ ಕೆಲಸಕ್ಕ ಇರಬೇಕು ಅನ್ಕೊಂಡಿದ್ದೆ.”

“ನಂಗೂ ಎದ್ದು ನಾಕು ಹೆಜ್ಜಿ ಇಟ್ರ ತೇಕು ಬರತೈತಿ,” ಎಂದಳು ಮಹಾಂತಮ್ಮ. “ವಯಸ್ಸಾತಲ್ಲ, ಅದಕ್ಕ ಅನ್ಕೊಂಡೆ.”

ಹುಲಿಗೆಮ್ಮನ ಕಣ್ಣು ಒಲೆಯ ಮೇಲಿನ ಪಾತ್ರೆಗೆ ಹೋಯಿತು. ನೀರು ಬಳಬಳ ಕುದಿಯುತ್ತಿತ್ತು, ಬೇಳೆ ಕಾಳುಕಾಳಾಗಿ ಕುಣಿಯುತ್ತಿತ್ತು. ಎತ್ತರದ ಬೆಟ್ಟಗಳ ಮೇಲೆ ಅಡುಗೆ ಬೇಗ ಬೇಯುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಗಾಳಿಯ ಒತ್ತಡ ಕಡಿಮೆಯಾದರೆ ನೀರು ಸಾಕಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ. ಅವಳು ದಿಗ್ಗನೆ ಎದ್ದಳು. ಭೂಮಿಯ ಮೇಲಾಗಿದ್ದರೆ ಎದ್ದಷ್ಟೇ ಆಗುತ್ತಿತ್ತು. ಚಂದ್ರನ ಮೇಲೆ ತಲೆ ಹೋಗಿ ಚಾವಣಿಗೆ ತಾಗಿತು. ಅದನ್ನೂ ಲೆಕ್ಕಿಸದೆ ಬಾಗಿಲ ಕಡೆ ಜಿಗಿದಳು.

ಕಂಟ್ರೋಲ್ ರೂಮಿನಲ್ಲಿ ಆ ಪಾಳಿಗೆ ಇದ್ದವನು ಅವಿನಾಶ ಬಲ್ಲಾಳ. ಕುಂದಾಪುರದ ಕಡೆಯ ಎಂಜಿನಿಯರು, ಮೂವತ್ತರ ಆಸುಪಾಸು. ಎದುರಿನ ಗೋಡೆಯ ಪರದೆಯ ಮೇಲೆ ಐದು ಓಣಿಗಳ ಒತ್ತಡದ ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದವು. ಹುಲಿಗೆಮ್ಮ ಹೇಳಿದ್ದನ್ನೆಲ್ಲ ಅವನು ಮರ್ಯಾದೆಯಿಂದಲೇ ಕೇಳಿದ.

“ಹಾಗೆ ಆಗ್ಲಿಕ್ಕಿಲ್ಲ ಹುಲಿಗೆಮ್ಮನವರೇ. ಸಮುದ್ರದ ದಂಡೆಯ ಗಾಳಿಯ ಒತ್ತಡವನ್ನು ನೂರು ಅಂತ ಇಟ್ಕೊಂಡ್ರೆ ನಮ್ಮ ಓಣಿಗಳಲ್ಲಿ ತೊಂಬತ್ತೆಂಟು ಇಡ್ತೇವೆ. ನೋಡಿ, ಟ ಓಣಿ ತೊಂಬತ್ತೆಂಟೇ ಉಂಟು. ಅಲ್ಲಿ ಒಂದಲ್ಲ, ಎರಡು ಮೀಟರ್ ಹಾಕಿದ್ದೇವೆ. ಎರಡೂ ಒಂದೇ ಹೇಳ್ತವೆ. ಆಮ್ಲಜನಕವೂ ಶೇಕಡ ಇಪ್ಪತ್ತೊಂದು, ಸರಿಯಾಗೇ ಉಂಟು.”

“ಪಾಲು ಸರಿ ಇರಬಹುದು ಸರ್. ಚಟಾಕು ಹಾಲಿನ್ಯಾಗೂ ಕೆನಿಯ ಪಾಲು ಅಷ್ಟ ಇರತೈತಿ, ಸೇರು ಹಾಲಿನ್ಯಾಗೂ ಅಷ್ಟ ಇರತೈತಿ. ನಾ ಕೇಳೋದು ಹಾಲು ಎಷ್ಟೈತಿ ಅಂತ.”

ಬಲ್ಲಾಳ ಏನೋ ಹೇಳಲು ಬಾಯಿ ತೆರೆದ. ಹುಲಿಗೆಮ್ಮ ಅಷ್ಟರಲ್ಲಿ ಪರದೆಯ ಹತ್ತಿರ ಹೋಗಿ ನಿಂತಿದ್ದಳು. ಕ, ಚ, ತ, ಪ ಓಣಿಗಳ ಗೆರೆಗಳು ಸಣ್ಣಗೆ ನಡುಗುತ್ತ ಸಾಗುತ್ತಿದ್ದವು. ಯಾರೋ ಬಾಗಿಲು ತೆರೆದಾಗ ಒಂದು ಕೊಂಕು, ಯಾರದೋ ಸ್ನಾನದ ಕೋಣೆಯ ಫ್ಯಾನು ತಿರುಗಿದಾಗ ಇನ್ನೊಂದು. ಮೂರನೆಯ ಗೆರೆ ಮಾತ್ರ ಸ್ಕೇಲ್ ಇಟ್ಟು ಎಳೆದಂತಿತ್ತು.

“ಇದ್ಯಾಕ ಅಳ್ಳಾಡವಲ್ದು?”

“ಅದಾ? ಅದು ನಮ್ಮ ಅತ್ಯಂತ ಒಳ್ಳೆ ಓಣಿ ಮಾರಾಯ್ರೆ. ವಾರದಿಂದ ಒಂದು ಚೂರು ಕೂಡ…”

ಅವನ ಮಾತು ಅಲ್ಲಿಗೇ ನಿಂತಿತು. ಹುಲಿಗೆಮ್ಮ ಟ ಓಣಿಯ ಜೋಡಿಬಾಗಿಲು ದಾಟಿ ಬಂದು ಐದು ನಿಮಿಷವೂ ಆಗಿರಲಿಲ್ಲ. ಅವಳು ದಾಟಿದ್ದಕ್ಕೆ ಗೆರೆಯಲ್ಲಿ ಒಂದು ಕೊಂಕಾದರೂ ಇರಬೇಕಿತ್ತು. ಬಲ್ಲಾಳ ಕುರ್ಚಿ ಎಳೆದುಕೊಂಡು ಗೆರೆಯನ್ನು ಹಿಂದಕ್ಕೆ ಓಡಿಸಿದ. ನಿನ್ನೆ, ಮೊನ್ನೆ, ಅದರಾಚೆ, ಎಲ್ಲ ನೇರ. ಒಂಬತ್ತು ದಿನ ಹಿಂದಕ್ಕೆ ಹೋದಾಗ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗೆರೆ ಕೊನೆಯ ಸಲ ನಡುಗಿತ್ತು.

“ಅವತ್ತು ಟ ಓಣಿಯ ಬಾಗಿಲ ಹತ್ತಿರ ಧೂಳಿನ ಚೀಲ ಒಡೆದಿತ್ತು,” ಎಂದು ಅವನು ಪಿಸುಗುಟ್ಟಿದ. “ಕುಳಿಗೆ ಹಾಕ್ಕೊಂಡು ಹೋಗುವ ಸೂಟು ತೊಳೆಯುವಲ್ಲಿ. ಎಲ್ಲ ಗುಡಿಸಿ ತೆಗೆದಿದ್ರು. ಆದ್ರೆ ಮೀಟರಿಗೆ ಗಾಳಿ ಹೋಗುವ ಸಣ್ಣ ನಳಿಕೆ ಅಲ್ಲೇ ಗೋಡೆಯಲ್ಲಿ ಉಂಟು. ಅದರ ಬಾಯಿಗೆ ಧೂಳು ಮೆತ್ತಿದ್ರೆ ನಳಿಕೆಯ ಒಳಗೆ ಒಂಬತ್ತು ದಿನದ ಹಿಂದಿನ ಗಾಳಿಯೇ ಸಿಕ್ಕಿಹಾಕ್ಕೊಂಡಿರ್ತದೆ.”

“ಮೀಟರು ಎರಡು ಅಂದ್ರಿ.”

“ಎರಡು. ನಳಿಕೆ ಒಂದೇ.”

ಹೊಸಗಣಿಯ ಓಣಿಗಳಲ್ಲಿ ಗಾಳಿ ಎಲ್ಲೋ ಒಂದಿಷ್ಟು ಸೋರುವುದು ಸಹಜ. ಮೀಟರ್ ಇಳಿದಾಗ ಯಂತ್ರ ತಾನಾಗಿ ಅಷ್ಟು ಗಾಳಿ ತುಂಬುತ್ತದೆ. ಟ ಓಣಿಯ ಮೀಟರ್ ಇಳಿಯಲೇ ಇಲ್ಲ, ಹಾಗಾಗಿ ಒಂಬತ್ತು ದಿನದಿಂದ ಯಾರೂ ತುಂಬಿಲ್ಲ. ಸೋರುವುದು ಮಾತ್ರ ನಿಂತಿಲ್ಲ.

“ನಿಮ್ಮ ತಕ್ಕಡಿ ಎಂಟರಿಂದ ಆರಕ್ಕೆ ಇಳೀತು ಅಂದ್ರಲ್ಲ. ಅಂದ್ರೆ ಮುಕ್ಕಾಲು.” ಬಲ್ಲಾಳನ ಬೆರಳು ಮೇಜಿನ ಮೇಲೆ ಲೆಕ್ಕ ಬರೆಯಿತು. “ಹೆಚ್ಚುಕಡಿಮೆ ಎಪ್ಪತ್ತಮೂರು. ಅರವತ್ತಕ್ಕೆ ಬಂದ್ರೆ ಮಕ್ಕಳು, ವಯಸ್ಸಾದವರು ತಡ್ಕೊಳ್ಳುವುದು ಕಷ್ಟ.” ಅವನ ಕೈ ಗಾಳಿಯ ವಾಲ್ವಿನ ಗುಂಡಿಯತ್ತ ಹೋಯಿತು. “ಈಗಲೇ ತುಂಬಿಸುವ.”

ಹುಲಿಗೆಮ್ಮ ಅವನ ಕೈ ಹಿಡಿದಳು.

“ತಡೀರಿ ಸರ್. ಒಂಬತ್ತು ದಿನದಾಗ ಇಷ್ಟು ಇಳದೈತಿ ಅಂದ್ರ ಇದು ದಿನಾ ಸೋರೋ ಸೋರಿಕಿ ಅಲ್ಲ. ಎಲ್ಲೋ ರಬ್ಬರು ಹರದೈತಿ. ಹರಿದ ಟ್ಯೂಬಿಗಿ ಜೋರು ಪಂಪು ಹೊಡದ್ರ ಏನಾಗತೈತಿ? ಸೀಳು ಮೊಳ ಉದ್ದ ಆಗತೈತಿ. ಮೊದಲು ತೂತು ಹುಡುಕೋಣ.”

“ಅರವತ್ತೊಂದು ಜನ ಉಂಟು ಅಲ್ಲಿ ಒಳಗೆ.”

“ಅವರೂ ಹುಡುಕ್ತಾರ.”

ಬಲ್ಲಾಳ ಗುಂಡಿಯಿಂದ ಕೈ ತೆಗೆದ. “ಒಂದು ಗಂಟೆ ಕೊಡ್ತೇನೆ. ಜೋಡಿಬಾಗಿಲಲ್ಲಿ ಒಂದು ಸಲಕ್ಕೆ ನಾಲ್ಕೇ ಜನ ಹಿಡಿಸ್ತಾರೆ. ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಕಳಿಸ್ತಾ ಇರಿ.” ಒಂದು ವಾಕಿಟಾಕಿ ತೆಗೆದು ಅವಳ ಕೈಗಿತ್ತ.

ಟ ಓಣಿಗೆ ಸುದ್ದಿ ಮುಟ್ಟಿದಾಗ ಗದ್ದಲವಾಗಲಿಲ್ಲ. ಗಣಿಯ ಮನೆಗಳವರಿಗೆ ಕೆಟ್ಟ ಸುದ್ದಿ ಕೇಳಿದ ಕೂಡಲೆ ಮೊದಲು ಎಣಿಸುವ ಅಭ್ಯಾಸ. ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ಬಾಗಿಲುಬಾಗಿಲಿನಲ್ಲೂ ಎಣಿಸಿದರು. ನೀಲಾಂಬಿಕೆ ಮಗಳನ್ನು ಪಕ್ಕದ ಮನೆಯ ಮುದುಕಿಯ ತೋಳಿಗೆ ಕೊಟ್ಟು ಮೊದಲ ನಾಲ್ವರಲ್ಲಿ ದಾಟಿಸಿದಳು. ಬಾಗಿಲು ಮುಚ್ಚುವ ತನಕ ನೋಡುತ್ತ ನಿಂತಳು, ಆಮೇಲೆ ತೋಳು ಮಡಿಸಿದಳು.

“ಹೇಳ್ರಿ ಅಕ್ಕ, ಹೆಂಗ ಹುಡುಕೋದು?”

“ಗಾಳಿ ಯಾವ ಕಡಿ ಹರಿತೈತಿ ಅಂತ ಕಣ್ಣಿಗಿ ಕಾಣಬೇಕು. ಹಗುರ ಪುಡಿ ಬೇಕು, ಎಲ್ಲಾರ ಕೈಗೂ. ಗೋಡಿ ಹಲಗಿ ಸಂದಿ ಮುಂದ ಹಿಡದು ಬಿಡಬೇಕು. ಪುಡಿ ನೆಟ್ಟಗ ಕೆಳಗ ಬಿದ್ರ ಮುಂದಿನ ಸಂದಿಗಿ ಹೋಗೋದು. ಸಂದಿ ಒಳಗ ಎಳದ್ರ ನನ್ನ ಕರಿಯೋದು.”

“ನೀನೂ ನಡಿ ಯವ್ವಾ, ಸರತಿ ಬಂತು,” ಎಂದು ಯಾರೋ ಮಹಾಂತಮ್ಮನ ತೋಳು ಹಿಡಿದರು. ಮಹಾಂತಮ್ಮ ಕೊಸರಿಕೊಂಡಳು.

“ನಾ ಹ್ವಾದ್ರ ಪುಡಿ ಎಲ್ಲಿಂದ ತರ್ತೀರಿ? ದೇವರ ಮುಂದ ನಾಕು ಗಟ್ಟಿ ಈಬತ್ತಿ ಅದಾವ. ಒರಳು ತರ್ರಿ.”

ವಿಭೂತಿ ಗಟ್ಟಿಗಳು ಒರಳಿನಲ್ಲಿ ನುಣ್ಣಗೆ ಪುಡಿಯಾದವು. ಹೆಂಗಸರು ಗಂಡಸರು ಚಿಟಿಕೆ ಚಿಟಿಕೆ ಕಟ್ಟಿಕೊಂಡು ಮನೆಮನೆಗೆ ಹಂಚಿಹೋದರು. ಹುಲಿಗೆಮ್ಮ ವಾಕಿಟಾಕಿಯಲ್ಲಿ ಹೇಳಿದಳು: “ಸರ್, ಓಣಿ ಫ್ಯಾನು ಎಲ್ಲಾ ಬಂದ್ ಮಾಡ್ರಿ.”

ಫ್ಯಾನುಗಳು ನಿಂತವು. ಹೊಸಗಣಿಯಲ್ಲಿ ಆ ಸದ್ದು ನಿಲ್ಲುವುದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಎಲ್ಲರೂ ಒಮ್ಮೆ ಉಸಿರು ಬಿಗಿಹಿಡಿದರು. ಆಮೇಲೆ ಕೈಗಳು ಮೇಲೆದ್ದವು. ಓಣಿಯ ಉದ್ದಕ್ಕೂ, ಗೋಡೆಯ ಗುಂಟ, ಬಿಳಿಯ ಪುಡಿ ಬೆರಳುಗಳಿಂದ ಜಾರಿ ಮೆಲ್ಲಮೆಲ್ಲನೆ ಇಳಿಯಿತು. ಚಂದ್ರನ ಸೆಳೆತ ಭೂಮಿಯದರ ಆರರಲ್ಲೊಂದು ಪಾಲು. ಪುಡಿ ಬೀಳಲು ಮನಸ್ಸಿಲ್ಲದಂತೆ ಗಾಳಿಯಲ್ಲಿ ತೂಗುತ್ತಿತ್ತು. ಹಾಗಾಗಿ ಸಣ್ಣ ಸೆಳವಿದ್ದರೂ ಕಾಣುವಂತಿತ್ತು.

ಇಪ್ಪತ್ತು ನಿಮಿಷವಾಯಿತು. ಮೂವತ್ತಾಯಿತು. ನಾಲ್ಕು ನಾಲ್ಕು ಜನ ದಾಟಿ ಹೋಗುತ್ತಲೇ ಇದ್ದರು. “ಇಲ್ಲಿ ಇಲ್ಲ”, “ಇಲ್ಲೂ ಇಲ್ಲ” ಎಂಬ ದನಿಗಳು ಓಣಿಯ ಆ ತುದಿಯಿಂದ ಈ ತುದಿಗೆ ಬರುತ್ತಿದ್ದವು. ಹುಲಿಗೆಮ್ಮನಿಗೆ ತಲೆ ಸಿಡಿಯತೊಡಗಿತು. ಅದು ತೆಳುಗಾಳಿಗೋ ಆತಂಕಕ್ಕೋ ತಿಳಿಯಲಿಲ್ಲ.

“ಹುಲಿಗೆಮ್ಮಕ್ಕ.”

ನೀಲಾಂಬಿಕೆಯ ದನಿ. ಹದಿನಾರನೆಯ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಮಂಡಿಯೂರಿ ಕೂತಿದ್ದಳು, ಕೈ ಅಲುಗಿಸದೆ. ಅವಳ ಬೆರಳಿನಿಂದ ಉದುರಿದ ಪುಡಿ ಕೆಳಕ್ಕೆ ಬೀಳುತ್ತಿರಲಿಲ್ಲ. ನೂಲೆಳೆಯಂತೆ ಅಡ್ಡಕ್ಕೆ ಹರಿದು, ಎರಡು ಹಲಗೆಗಳ ಸಂದಿಯೊಳಗೆ ನುಸುಳುತ್ತಿತ್ತು. ಹಲಗೆಯ ಅಂಚಿನ ಮೇಲೆ ಆಗಲೇ ಒಂಬತ್ತು ದಿನದ ಕಪ್ಪು ಧೂಳು ಒಂದು ಮೀಸೆ ಬರೆದಿತ್ತು.

ಹಲಗೆಗೆ ಎಂಟು ತಿರುಪು. ಆರು ಸಲೀಸಾಗಿ ಬಂದವು. ಎರಡು ಜಪ್ಪಯ್ಯ ಎನ್ನಲಿಲ್ಲ. ಹುಲಿಗೆಮ್ಮ ಅವುಗಳ ತಲೆಯನ್ನೇ ಉಳಿಯಿಂದ ಹಾರಿಸಿದಳು. ಹಲಗೆ ಸರಿದಾಗ ಒಳಗಿಂದ ಚಳಿ ಮುಖಕ್ಕೆ ಹೊಡೆಯಿತು. ಕೊಳವೆಯ ಎರಡು ಭಾಗಗಳು ಕೂಡುವಲ್ಲಿ ಕಪ್ಪು ರಬ್ಬರಿನ ಪಟ್ಟಿ. ಅದರೊಳಗೆ ಹೊಕ್ಕ ಧೂಳು ಗರಗಸದಂತೆ ತಿಂದು, ಗೇಣಿಗಿಂತ ಕಡಿಮೆ ಉದ್ದದ, ಕೂದಲೆಳೆಯಷ್ಟು ಅಗಲದ ಸೀಳು ಮಾಡಿತ್ತು. ಸುತ್ತ ಬೆಳ್ಳನೆಯ ಹಿಮ ಕಟ್ಟಿತ್ತು. ಆ ಸೀಳಿನ ಆಚೆ ಒಂದಿಷ್ಟು ಮಣ್ಣು, ಅದರಾಚೆ ಏನೂ ಇಲ್ಲ.

“ಸಿಕ್ತು ಸರ್,” ಎಂದಳು ವಾಕಿಟಾಕಿಯಲ್ಲಿ.

ಚೀಲದಿಂದ ದಪ್ಪ ರಬ್ಬರಿನ ಹಾಳೆ ತೆಗೆದು ಗೇಣುದ್ದ, ಅಂಗೈಯಗಲ ಕತ್ತರಿಸಿದಳು. ಹಿಮ ಕೆರೆದು ಒರೆಸಿದಳು. ಹಾಳೆಯನ್ನು ಸೀಳಿನ ಹತ್ತಿರ ತಂದದ್ದಷ್ಟೇ, ಅದು ಅವಳ ಕೈಯಿಂದ ಕಿತ್ತುಕೊಂಡು ಹೋಗಿ ಟಪ್ಪನೆ ಅಂಟಿತು. ಹೊರಗೆ ಗಾಳಿಯಿಲ್ಲ, ಒಳಗಿದೆ. ಓಣಿಯಲ್ಲಿ ಉಳಿದ ಗಾಳಿಯೇ ಹಾಳೆಯನ್ನು ಒತ್ತಿ ಹಿಡಿದಿತ್ತು. ಅಂಚಿನ ಸುತ್ತ ಅಂಟು ಮೆತ್ತಿ, ಮೇಲೆ ಇನ್ನೊಂದು ಹಾಳೆ ಕೂರಿಸಿದಳು. ನೀಲಾಂಬಿಕೆ ಚಿಟಿಕೆ ಪುಡಿ ಹಿಡಿದು ಬಿಟ್ಟಳು. ಪುಡಿ ನೇರವಾಗಿ, ಬೇಸರವಾಗುವಷ್ಟು ನಿಧಾನವಾಗಿ ನೆಲಕ್ಕಿಳಿಯಿತು.

“ಈಗ ತುಂಬಿಸ್ರಿ ಸರ್. ಸಾವಕಾಶ.”

ವಾಕಿಟಾಕಿಯಲ್ಲಿ ಬಲ್ಲಾಳನ ದನಿ ಬಂತು. “ತುಂಬಿಸ್ತೇನೆ. ಆದ್ರೆ ಎಲ್ಲಿಗೆ ನಿಲ್ಲಿಸುವುದು? ನನ್ನ ಮೀಟರು ಇನ್ನೂ ತೊಂಬತ್ತೆಂಟೇ ಅಂತದೆ. ಹೆಚ್ಚಾದ್ರೆ ನಿಮ್ಮ ತೇಪೆಗೇ ಭಾರ.”

ಹುಲಿಗೆಮ್ಮ ಯೋಚಿಸಲಿಲ್ಲ, ಉತ್ತರ ತಾನಾಗಿಯೇ ಬಾಯಿಗೆ ಬಂತು. “ನನ್ನ ಅಂಗಡ್ಯಾಗ ಮೇಜಿನ ಕೆಳಗ ಇದೇ ಥರದ ಕ್ಲೀನರ್ ಐತಿ. ತರಿಸ್ಕೊಂಡು ನಿಮ್ಮ ಬಾಜು ಇಟ್ಟು ಚಾಲು ಮಾಡ್ರಿ. ಅಲ್ಲಿ ಗಾಳಿ ಸರಿ ಐತಿ. ನಾ ಇಲ್ಲಿ ಒಂದು ಚಾಲು ಮಾಡ್ತೀನಿ. ಎರಡರ ದನಿ ಒಂದಾದಾಗ ನಿಲ್ಲಿಸ್ರಿ.”

ಹೊಸ ಕ್ಲೀನರನ್ನು ಹದಿನಾರನೆಯ ಮನೆಗೆ ತಂದರು. ಒಂದು ಕಡೆ ಅದು ಸೊಳ್ಳೆಯಂತೆ ಕೀರಲಿಡುತ್ತಿತ್ತು. ಇನ್ನೊಂದು ಕಡೆ, ವಾಕಿಟಾಕಿಯೊಳಗಿನಿಂದ, ಕಂಟ್ರೋಲ್ ರೂಮಿನ ಕ್ಲೀನರ್ ಗುರ್ ಎನ್ನುತ್ತಿತ್ತು. ಬಲ್ಲಾಳ ವಾಲ್ವು ತಿರುವಿದ. ಗೋಡೆಯ ಕಿಂಡಿಗಳಿಂದ ಹೊಸ ಗಾಳಿ ಸುಯ್ಯನೆ ಬರತೊಡಗಿತು. ಹುಲಿಗೆಮ್ಮ ಒಂದು ಅಂಗೈಯನ್ನು ತೇಪೆಯ ಮೇಲೊತ್ತಿ, ಕಣ್ಣು ಮುಚ್ಚಿ ಕೂತಳು.

ಕೀರಲು ಇಳಿಯಿತು. ಮೊದಲು ಗೊತ್ತಾಗದಷ್ಟು, ಆಮೇಲೆ ಎಲ್ಲರಿಗೂ ಕೇಳುವಷ್ಟು. ತೇಪೆ ಅಂಗೈಯಡಿ ಒಮ್ಮೆ ಕಿರುಗುಟ್ಟಿತು. “ನಿಲ್ಲಿಸ್ರಿ” ಎಂದಳು. ಗಾಳಿ ನಿಂತಿತು. ನೀಲಾಂಬಿಕೆ ಪುಡಿ ಬಿಟ್ಟು ನೋಡಿದಳು, ನೇರವಾಗಿ ಬಿತ್ತು. “ಬಿಡ್ರಿ” ಎಂದಳು ಹುಲಿಗೆಮ್ಮ. ದನಿ ಮತ್ತೆ ಇಳಿಯಿತು. ಉಳಿದವರೆಲ್ಲ ಕೋಣೆಯ ಬಾಗಿಲಲ್ಲಿ ಒತ್ತಿನಿಂತು ಕೇಳುತ್ತಿದ್ದರು. ಒಬ್ಬೊಬ್ಬರದೇ ಕಿವಿ ಕಟ್ಟಿ ಬಿಡುತ್ತಿತ್ತು. ಎರಡು ದನಿಗಳು ಹತ್ತಿರ ಬಂದವು. ಒಂದರ ಮೇಲೊಂದು ಬಿದ್ದು ಹೂಂ ಹೂಂ ಎಂದು ತೂಗಿದವು. ತೂಗಾಟ ನಿಧಾನವಾಯಿತು. ಕೊನೆಗೆ ಯಾವುದು ಇಲ್ಲಿನದು, ಯಾವುದು ಅಲ್ಲಿನದು ಎಂದು ಹೇಳಲಾರದಂತಾಯಿತು.

“ಸಾಕು,” ಎಂದಳು ಹುಲಿಗೆಮ್ಮ.

“ಸಾಕು,” ಎಂದಿತು ಅದೇ ಗಳಿಗೆಗೆ ವಾಕಿಟಾಕಿ.

ತಕ್ಕಡಿ ಕಟ್ಟಿ ಎಳೆದರು. ಎಂಟು.

ಮಧ್ಯಾಹ್ನ ಪಾಳಿ ಮುಗಿದ ಮೇಲೆ ಬಲ್ಲಾಳ ತಾನೇ ಟ ಓಣಿಗೆ ಬಂದ. ಚೌಕಕ್ಕೆ ಹೋಗಿದ್ದವರೆಲ್ಲ ಅಷ್ಟರಲ್ಲಿ ಮನೆಗಳಿಗೆ ಮರಳಿದ್ದರು. ಕುಳಿಯಿಂದ ಬಂದ ತಂಡ ಹುಲಿಗೆಮ್ಮನ ತೇಪೆಯ ಮೇಲೆ ಉಕ್ಕಿನ ತಗಡು ಬಿಗಿಯುತ್ತಿತ್ತು. ಬಲ್ಲಾಳ ಬಾಗಿಲ ಬಳಿಯ ಹಲಗೆ ಬಿಚ್ಚಿ, ಪೆನ್ನಿನ ರೀಫಿಲ್ಲಿನಷ್ಟು ಸಪೂರದ ಆ ನಳಿಕೆಯನ್ನು ತಂತಿ ಹಾಕಿ ಚುಚ್ಚಿದ. ಕಡಲೆಕಾಳಿನಷ್ಟು ಧೂಳಿನ ಗಟ್ಟಿ ಹೊರಗೆ ಬಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಹುಲಿಗೆಮ್ಮ ಇದ್ದಲ್ಲಿಗೆ ಬಂದ. ಅವಳು ನೀಲಾಂಬಿಕೆಯ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಮಗು ಅವಳ ಸ್ಕ್ರೂಡ್ರೈವರಿಗಾಗಿ ಕೈ ಚಾಚುತ್ತಿತ್ತು.

“ಪ್ರತಿ ಮೀಟರಿಗೂ ಬೇರೆ ಬೇರೆ ನಳಿಕೆ ಹಾಕಿಸ್ತೇನೆ. ಐದೂ ಓಣಿಯಲ್ಲಿ. ಇವತ್ತೇ ಬರೆದು ಕಳಿಸಿದ್ದೇನೆ,” ಎಂದ. “ನಿಮ್ಮ ಹೆಸರೂ ಬರೆದಿದ್ದೇನೆ.”

“ಟೀಚರ್ ಹೆಸರು ಬರೀರಿ. ಆಕಿ ನಾಲ್ಕು ಸಲ ಬಂದು ಬೈದಿದ್ದಿಲ್ಲ ಅಂದ್ರ ನಾ ಇಲ್ಲಿಗಿ ಬರ್ತಿದ್ದಿಲ್ಲ.”

ಬಲ್ಲಾಳ ನಗಲಿಲ್ಲ. ಬಾಗಿಲಲ್ಲೇ ನಿಂತು ಓಣಿಯ ಆಚೀಚೆ ನೋಡಿದ. ಬಾಗಿಲುಗಳ ಮುಂದೆ ಜನ ಕೂತು ಮಾತಾಡುತ್ತಿದ್ದರು, ಯಾರೋ ನೆಲದ ಮೇಲಿನ ವಿಭೂತಿಯನ್ನು ಕ್ಲೀನರಿನಲ್ಲಿ ಎಳೆಯುತ್ತಿದ್ದರು.

“ಎರಡು ವರ್ಷ ಆಯ್ತು, ಈ ಓಣಿಯ ಗಾಳಿ ನೋಡ್ಕೊಳ್ತಾ ಇದ್ದೇನೆ,” ಎಂದ. “ಬಂದು ಉಸಿರಾಡಿದ್ದು ಇವತ್ತೇ ಮೊದಲು.”

ಒಳಗಿನಿಂದ ಮಹಾಂತಮ್ಮ ಹೊರಬಂದು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ನಿಂತು ಉಸಿರಾಡಾಕ ಇದೇನು ಬಸ್‌ಸ್ಟ್ಯಾಂಡ್ ಏನಪಾ? ಒಳಗ ಬಾ, ಕೂಡು.”

ಅವನು ಬೂಟು ಬಿಚ್ಚಿ, ಅದರ ಧೂಳು ಒಳಗೆ ಬೀಳದಂತೆ ಎಚ್ಚರದಿಂದ ಹೊರಗೇ ಇಟ್ಟು, ಒಳಗೆ ಹೋಗಿ ಕೂತ.